ಮಗ್ಗೆಯ ದ್ಯಾವಮ್ಮನ ಕೋವಿ

ಮೂರನೆಯ ಸಲವೂ ಮುರಿಯಿತು ಸ್ಪ್ರಿಂಗು.
ಮೊದಲ ಬಸ್ಸಿಗೇ ಆಲೂರಿಗೆ ಬಂದ ದ್ಯಾವಮ್ಮ
ಗೋಣಿಚೀಲದಿಂದ ಕೋವಿ ಎಳೆದು
ನನ್ನ ಕೆಲಸದ ಹಲಗೆಯ ಮೇಲೆ ಅಡ್ಡ ಮಲಗಿಸಿದಳು,
ಕಾಲು ಮುರಿದ ಮೇಕೆಯನ್ನು ಮಲಗಿಸುವ ಹಾಗೆ.
"ಆಚಾರ್ರೇ, ಹಂದಿಗಳಿಗೆ ನಿಮ್ಮ ಹೆಸರು ಗೊತ್ತಾಗ್ಬಿಟ್ಟದೆ"
ಅಂದಳು. ನಗಲಿಲ್ಲ.

ನಳಿಗೆ ಮಾತ್ರ ಹಳೆಯದು, ಅವಳ ಮಾವನ ಕಾಲದ್ದು,
ಲೈಸೆನ್ಸ್ ಪುಸ್ತಕದ ನಂಬರು ಇರುವುದು ಅದರ ಮೇಲೆ.
ಮಿಕ್ಕಿದ್ದೆಲ್ಲ ನನ್ನ ಕೈಯದು.
ಹಲಸಿನ ಹಿಡಿ, ಕೇಪು ಕುಟ್ಟುವ ಕುದುರೆ, ಬಿಲ್ಲು,
ಲಾಕಿನ ತಟ್ಟೆಯ ಹಿಂದಿನ ಆ ಸಣ್ಣ ಸಂಸಾರ:
ಎರಡು ಕಚ್ಚಿನ ಗಾಲಿ, ಕಚ್ಚಿಗೆ ಬೀಳುವ ಕೊಕ್ಕೆ,
ಎಲ್ಲರನ್ನೂ ಸದಾ ನೂಕುತ್ತಲೇ ಇರುವ ಒಂದು ಸ್ಪ್ರಿಂಗು.

ಮೊದಲನೆಯದು ತೀರಾ ಗಡಸು, ಒಪ್ಪುತ್ತೇನೆ.
ಕೆಂಪಗೆ ಕಾಯಿಸಿ, ಹೊಂಗೆ ಎಣ್ಣೆಗೆ ಅದ್ದಿ,
ಮತ್ತೆ ಸಣ್ಣ ಉರಿಯಲ್ಲಿ ಬಣ್ಣ ಏರಿಸುವಾಗ
ಮಂಗಳೂರು ರೈಲು ಕೂಗಿತು, ಕಣ್ಣು ಅತ್ತ ಹೋಯಿತು,
ಒಣಹುಲ್ಲಿನ ಹಳದಿಗೇ ಇಳಿಸಿಬಿಟ್ಟೆ.
ಹಳದಿ ಆದಮೇಲೆ ಬೆಲ್ಲದ ಪಾಕ, ಆಮೇಲೆ ನೇರಳೆ,
ಆಮೇಲೆ ನವಿಲಿನ ಕತ್ತು. ಅಲ್ಲಿ ನಿಲ್ಲಬೇಕು.
ನಿಲ್ಲಲಿಲ್ಲ; ಹನ್ನೊಂದನೆಯ ಎಳೆತಕ್ಕೆ
ಗಾಜಿನ ಬಳೆಯಂತೆ ಎರಡಾಯಿತು.

ಎರಡನೆಯದರಲ್ಲಿ ನವಿಲಿನ ಕತ್ತು ಕಂಡೇ ಇಳಿಸಿದೆ.
ಆದರೂ ಮುರಿಯಿತು.
ಲಾರಿ ಪಟ್ಟಾ ಕೊಟ್ಟ ಗ್ಯಾರೇಜಿನ ಪ್ಯಾರೇಜಾನನಿಗೆ ಬೈದೆ,
ಓಡಿ ಓಡಿ ಸತ್ತ ಉಕ್ಕು ಕೊಟ್ಟೆಯಲ್ಲೋ ಎಂದು.
"ಅಣ್ಣಾ, ಓಡಿದ್ದು ಲಾರಿ," ಅಂದ ಅವನು,
"ಪಟ್ಟಾ ಅಡಿಯಲ್ಲಿ ಕೂತೇ ಇತ್ತು."

ಮೂರನೆಯದಕ್ಕೆ ಅರಸೀಕೆರೆಯಿಂದ ಹೊಸ ಉಕ್ಕು.
ಮೂಲೆಗಳನ್ನೆಲ್ಲ ಅರದಿಂದ ದುಂಡು ಮಾಡಿ
ಉದ್ದುದ್ದಕ್ಕೇ ಉಜ್ಜಿದೆ;
ಅಡ್ಡ ಗೀರು ಅಂದರೆ ಬಿರುಕಿಗೆ ಕೊಟ್ಟ ವಿಳಾಸ.
ಇಗೋ, ಅದೂ ಈಗ ಅಂಗೈ ಮೇಲೆ ಎರಡು ತುಂಡು,
ಮುರಿದ ಮುಖ ಬೂದಿಬಣ್ಣದ ಸಕ್ಕರೆ.

"ಮುರಿಯೋ ಮುಂಚೆ ಹೇಗಿರ್ತದೆ?" ಅಂದೆ.
ಮೂರು ಸಲದಲ್ಲಿ ಇದೇ ಮೊದಲು ಕೇಳಿದ್ದು.
ದ್ಯಾವಮ್ಮ ಎಲೆಗೆ ಸುಣ್ಣ ಸವರುತ್ತಾ:
"ಬಿಸಿಲಿದ್ದ ದಿನ ಹಗೂರ.
ಜೋಳದ ಹೊಲದಾಗೆ ನಾಕು ದಿನ ಸೋನೆ ಹಿಡಿದ್ರೆ
ಕುದುರೆ ಎಳೆಯೋಕೆ ಎರಡು ಹೆಬ್ಬೆಟ್ಟು ಬೇಕು.
ಹೋದ ಸಲಾನೇ ಹೇಳಿದ್ನಲ್ಲ."
ಹೇಳಿದ್ದಳು. ನಾನಾಗ ಉಕ್ಕಿನ ಜೊತೆ ಮಾತಾಡುತ್ತಿದ್ದೆ.

ನಾಲ್ಕನೆಯದು ಮಾಡುವಷ್ಟರಲ್ಲಿ ಮಧ್ಯಾಹ್ನ.
ಬುಡ್ಡಿ ಹಚ್ಚಿ, ಸ್ಪ್ರಿಂಗಿನ ಬೆನ್ನಿಗೆ ಹೊಗೆ ಹಿಡಿಸಿ
ಕಾಡಿಗೆ ಕೂತ ಮೇಲೆ ಲಾಕನ್ನು ಗೂಡಿಗೆ ಕೂರಿಸಿದೆ,
ಒಮ್ಮೆ ಕುದುರೆ ಎಳೆದು, ಇಳಿಸಿ, ಬಿಚ್ಚಿದೆ.
ಹಲಸಿನ ಹಳದಿಯ ಮೇಲೆ, ಗೂಡಿನ ಕೆಳಗೋಡೆಯಲ್ಲಿ,
ಒಂದು ಹುಬ್ಬಿನಷ್ಟು ಕಪ್ಪು.

ಶಿವರಾತ್ರಿ ಕಳೆದು ಕಡಿದ ಮರ.
ಎರಡು ವರ್ಷ ನೆರಳಲ್ಲಿ ಒಣಗಬೇಕಿದ್ದದ್ದನ್ನು
ಎರಡು ತಿಂಗಳಿಗೆ ಕೆತ್ತಿದ್ದೆ. ಮುಂಗಡ ತಗೊಂಡಿದ್ದೆ.
ತೇವ ಕುಡಿದಾಗಲೆಲ್ಲ ಅದು ಊದಿ
ಸ್ಪ್ರಿಂಗಿನ ಪಕ್ಕೆಗೆ ಮೊಣಕೈ ಒತ್ತುತ್ತಿತ್ತು,
ನಾನು ಇಲ್ಲಿ ಬೆಂಕಿಯ ಬಣ್ಣ ಎಣಿಸುತ್ತಿದ್ದೆ.

ಉಳಿ ಇಟ್ಟು ಉಗುರಿನಷ್ಟು ಸಿಪ್ಪೆ ತೆಗೆದೆ, ಅಷ್ಟೇ.
ಗೂಡಿಗೆಲ್ಲ ಎಣ್ಣೆ ಕುಡಿಸಿ ಕೋವಿಯನ್ನು ಅವಳ ಕೈಗಿತ್ತೆ.
ಎಳೆದಳು: ಟಿಕ್, ಅರ್ಧ ಕಚ್ಚು.
ಇನ್ನಷ್ಟು: ಟಕ್, ಪೂರಾ.
"ಖಾಲಿ ಬಿಡಬೇಡಿ" ಅನ್ನುವ ಮೊದಲೇ
ಹೆಬ್ಬೆಟ್ಟಿನಲ್ಲಿ ಹಿಡಿದು ಮೆಲ್ಲಗೆ ಇಳಿಸಿದಳು,
ತುಂಬಿದ ಕೊಡ ಇಳಿಸುವವರ ಹಾಗೆ.

"ಎಷ್ಟಾಯ್ತು?"
"ಏನೂ ಬೇಡ."
"ನಿಮಗೆ ಬೇಡ. ನನಗೆ ಮೂರು ಸಲದ ಬಸ್ ಚಾರ್ಜು?"
ಹೋಗಿ ಬರುವುದಕ್ಕೆ ಲೆಕ್ಕ ಹಾಕಿ ಕೊಟ್ಟೆ.
ಚಿಲ್ಲರೆಯನ್ನೂ ಎಣಿಸಿಕೊಂಡಳು.

ಮುರಿದ ಆರು ತುಂಡು ಗುಜರಿ ಡಬ್ಬಕ್ಕೆ ಹೋದವು.
ಮರದ ಸಿಪ್ಪೆ, ಒಂದು ಕಡೆ ಕಪ್ಪು ಒಂದು ಕಡೆ ಹಳದಿ,
ಕನ್ನಡಕದ ಪೆಟ್ಟಿಗೆಯಲ್ಲಿದೆ.
ರಾತ್ರಿ ಸೋನೆ ಹಿಡಿದರೆ ಎದ್ದು ಕೂರುತ್ತೇನೆ.
ಮಗ್ಗೆ ದೂರ. ಸದ್ದು ಇಲ್ಲಿಗೆ ಕೇಳುವುದಿಲ್ಲ.