ಬೀಜದ ಮತ

ನಮ್ಮಲ್ಲಿರುವುದು ಒಂದೇ ಮೌಸು, ಕಾನ್ಸಲರು ಇಬ್ಬರು.
ಹಳೆಯ ರೋಮಿನಲ್ಲೂ ಹೀಗೇ ಇತ್ತಂತೆ,
ಒಂದು ತಿಂಗಳು ಇವನ ಕೈಗೆ ಅಧಿಕಾರ, ಮರುತಿಂಗಳು ಅವನ ಕೈಗೆ.
ಪರದೆಯ ತಿಂಗಳೆಂದರೆ ಎರಡು ನಿಮಿಷ.
ಅಷ್ಟರಲ್ಲೇ ಫಖ್ರಿಯ ಬೆರಳು ಬೇರು ಬಿಟ್ಟಿರುತ್ತದೆ.
ಕೊಡು ಮಾರಾಯ ಅಂದರೆ
'ಇದೊಂದು ಸೇತುವೆ' ಅನ್ನುತ್ತಾನೆ.
ಸೇತುವೆ ಯಾವತ್ತೂ ಒಂದಕ್ಕೆ ನಿಂತದ್ದಿಲ್ಲ.

ಕೆಳಗೆ ಅವನ ಮಾವನ ಫ್ರಿಜ್ ರಿಪೇರಿ ಅಂಗಡಿ.
ಮೇಲಿನ ಕೋಣೆಯಲ್ಲಿ, ಗುರುವಾರ ರಾತ್ರಿ, ಸೆನೆಟ್ಟು.
ಹಮ್ಮಾಮಿನ ಪಟ್ಟೆ ಟವೆಲ್ಲೇ ಟೋಗಾ.
ಲಝರ್ ನಮ್ಮ ಸೆನ್ಸಾರ್:
ಹಗಲು ರೈಲಿನಿಂದ ಟಿಕೆಟ್ಟಿಲ್ಲದವರನ್ನು ಇಳಿಸಿ ಬಂದವನು
ರಾತ್ರಿ ನಡತೆಗೆಟ್ಟವರನ್ನು ಸಭೆಯಿಂದ ಇಳಿಸುತ್ತಾನೆ,
ಅದೇ ದನಿ, ಅದೇ ಬೇಸರ.
ಜುಹೈರಾ ಈಡೈಲ್. ಚರಂಡಿ, ಸಂತೆ, ಉತ್ಸವ ಅವಳದು.
ಚರಂಡಿಯ ಕಡೆ ತಿರುಗಿಯೂ ನೋಡದೆ
ನೂರು ಆನೆ ತರಿಸಿದಳು, ಕಣದಲ್ಲಿ ಕೊಲ್ಲಿಸಲು.
ದುಡ್ಡು ಹೋದದ್ದು ನನ್ನ ಬೊಕ್ಕಸದಿಂದ.
ನಾನು ದೊರ್ರಾ, ಕ್ವೆಸ್ಟರ್.
ಔಷಧಿ ಅಂಗಡಿಯ ಗಲ್ಲಾದಲ್ಲಿ ಕೂತು ಕೂತು
ಚಿಲ್ಲರೆಯ ಮೇಲೆ ಭಕ್ತಿ ಬಂದವಳು.

ಮೊಂಜಿಯ ತಂಗಿ ರಿಹಾಬ್‌ಗೆ ಹದಿನಾರು. ಟ್ರಿಬ್ಯೂನ್.
ಅವಳು 'ಕೂಡದು' ಅಂದರೆ ಇಬ್ಬರು ಕಾನ್ಸಲರೂ ಬಾಯಿ ಮುಚ್ಚಬೇಕು.
ವರ್ಷಕ್ಕೆ ಒಂದೇ ಸಲ, ಅದು ನಾವು ಮಾಡಿಕೊಂಡ ನಿಯಮ.
ಆ ವರ್ಷದ 'ಕೂಡದ'ನ್ನು ಅವಳು
ಆನೆಗಳಿಗೇ ಖರ್ಚು ಮಾಡಿಬಿಟ್ಟಿದ್ದಳು.
ಈಗ ನೂರೂ ಆನೆ ಟೈಬರ್ ದಂಡೆಯಲ್ಲಿ ನಿಂತು
ತಿನ್ನುತ್ತಿವೆ, ನನ್ನ ಲೆಕ್ಕದಲ್ಲಿ.

ಪ್ರೇಟರ್ ಸಬ್ರಿಗೆ ಸಿಸಿಲಿ ಪ್ರಾಂತ ಕೊಟ್ಟೆವು.
ಅವನು ನಿಜಕ್ಕೂ ಸಿಸಿಲಿಯಲ್ಲೇ ಇದ್ದಾನೆ,
ಮಜಾರಾ ಬಂದರಿನ ಯಾರದೋ ದೋಣಿಯಲ್ಲಿ ಸೀಗಡಿ ಬಲೆ ಎಳೆಯುತ್ತ.
ಕಾಗದಪತ್ರ ಇನ್ನೂ ಆಗಿಲ್ಲ.
'ಪ್ರಾಂತ ಕ್ಷೇಮ, ಬೆನ್ನು ನೋವು' ಎಂದು ಮೆಸೇಜು ಬರುತ್ತದೆ.

ಹೀಗೆ ಆಡುತ್ತ ಆಡುತ್ತ ಒಂದು ರಾತ್ರಿ
ಪರದೆ ಕೇಳಿತು: ಕಾರ್ಥೇಜ್ ಸೋತಿದೆ. ಉಳಿಸುವುದೋ, ನೆಲಸಮವೋ?

ಕಿಟಕಿಯಾಚೆ ಬಿರ್ಸಾ ಗುಡ್ಡ, ಅದರ ನೆತ್ತಿಯ ದೀಪ.
ಹ್ಯಾನಿಬಲ್ ಹೆಸರಿನ ನಿಲ್ದಾಣ ಬಿಟ್ಟ ರೈಲು
ಲೋಟಗಳನ್ನು ನಡುಗಿಸಿ ಹೋಯಿತು.
ನಾವು ಕೂತದ್ದೇ ಕಾರ್ಥೇಜಿನಲ್ಲಿ.
ನಮ್ಮ ಕರೆಂಟು ಬಿಲ್ಲಿನ ಮೇಲೂ ಅದೇ ಹೆಸರು.

ಮೊಂಜಿ ಟವೆಲ್ಲು ಸರಿಮಾಡಿಕೊಂಡ.
'ಈ ಹೊತ್ತು ನಾವು ರೋಮಿನವರು, ಹಾಗೇ ಯೋಚಿಸಬೇಕು.
ಸುಟ್ಟರೆ ಬೊಕ್ಕಸ ತುಂಬುತ್ತದೆ. ಹೌದೋ ಅಲ್ಲವೋ, ದೊರ್ರಾ?'
ನೋಡಿದೆ. ತುಂಬುತ್ತಿತ್ತು.
ಆನೆಯ ಸಾಲ ತೀರಿಯೂ ಮಿಗುತ್ತಿತ್ತು.
ಹೌದು ಅಂದೆ. ಲೆಕ್ಕಕ್ಕೆ ಊರಿರುವುದಿಲ್ಲ.

ರಿಹಾಬ್ ಬಾಯಿ ತೆರೆದಳು, ನಿಯಮ ನೆನಪಾಗಿ ಮುಚ್ಚಿದಳು.

ಚಹಾ ತಂದ ಫಖ್ರಿಯ ಅತ್ತೆ ಕೇಳಿದಳು: 'ಏನು ಸುಡೋದು?'
'ಈ ಊರು.'
'ಮೊದಲು ನನ್ನ ಲೋಟ ವಾಪಸ್ಸು ಕೊಡಿ.'

ಮತಕ್ಕೆ ಬೀಜ. ಸುಡಲು ಬಿಳಿ ಕುಂಬಳ, ಉಳಿಸಲು ಕಪ್ಪು ಸೂರ್ಯಕಾಂತಿ.
ಟವೆಲ್ಲು ಮುಚ್ಚಿದ ಬಟ್ಟಲಿಗೆ ಒಬ್ಬೊಬ್ಬರೇ ಕೈಯಿಟ್ಟರು.
ಸಬ್ರಿಯನ್ನು ಕೇಳಿದೆ. 'ಬಲೆ ಎಳೀತಿದೀನಿ, ನಿನಗೆ ತೋಚಿದ್ದು ಹಾಕು.'
ಸಿಸಿಲಿಯ ಮತವೂ ನನ್ನದೂ
ಒಂದೇ ಮುಷ್ಟಿಯಲ್ಲಿ ಬೆವರಿದವು.

ಎಣಿಸಿದರೆ ಬಿಳಿ ಮೂರು. ಕಪ್ಪು ಮೂರು.
ಏಳಾಗಬೇಕು.
ಲಝರ್ ಬಟ್ಟಲು ಬೋರಲು ಹಾಕಿದ, ಟವೆಲ್ಲು ಕೊಡವಿದ,
ಟಿಕೆಟ್ಟು ಕೇಳುವ ಮುಖದಲ್ಲಿ ನನ್ನತ್ತ ನೋಡಿದ.

ನನ್ನ ಹಲ್ಲಿನ ಸಂದಿಯಲ್ಲಿ ಸಿಪ್ಪೆ ಸಿಕ್ಕಿಕೊಂಡಿತ್ತು.
ಯೋಚಿಸುತ್ತ ಯೋಚಿಸುತ್ತ ಕಡಿದುಬಿಟ್ಟಿದ್ದೆ,
ನನ್ನದನ್ನೋ ಸಬ್ರಿಯದನ್ನೋ, ಬಿಳಿಯೋ ಕಪ್ಪೋ,
ದೇವರಾಣೆ ಗೊತ್ತಿಲ್ಲ.
ನಾಲಗೆಯ ಮೇಲೆ ಉಪ್ಪಷ್ಟೇ ಉಳಿದಿತ್ತು.

ಈ ಮಣ್ಣಿಗೆ ರೋಮಿನವರು ಉಪ್ಪು ಬಿತ್ತಿದರು ಅನ್ನುತ್ತಾರೆ.
ಸುಳ್ಳಂತೆ ಅದು.

ಕಡೆಯ ರೈಲಿಗೆ ಹೊತ್ತಾಗಿತ್ತು.
ಆಟವನ್ನು ಅಲ್ಲಿಗೇ ನಿಲ್ಲಿಸಿ, ಲೋಟ ತೊಳೆದುಕೊಟ್ಟು
ಸುಡದ ಬೀದಿಗೆ ಇಳಿದೆವು.
ನಿಲ್ದಾಣದವರೆಗೂ ಬಂದ ಫಖ್ರಿಯ ಜೇಬಿನಿಂದ
ಮೌಸಿನ ಬಾಲ ಇಣುಕುತ್ತಿತ್ತು.