ಬಾಲದ ಪಾಲು

ನೋಟೀಸಿನ ಮೂರನೆಯ ಪ್ಯಾರಾ ಕೇಳುತ್ತದೆ:
ಸದರಿ ಕುದುರೆ ವ್ಯವಹಾರವೋ, ಹವ್ಯಾಸವೋ,
ಹದಿನೈದು ದಿನದೊಳಗೆ ತಿಳಿಸತಕ್ಕದ್ದು.

ದುರ್ಗಿಗುಡಿಯ ನನ್ನ ಆಫೀಸಿನ ಬೆಂಚಿನ ಮೇಲೆ
ಸದರಿ ಕುದುರೆಯ ನಾಲ್ಕು ಕಾಲುಗಳು ಕೂತಿವೆ.
ಟಯರು ರೀಸೋಲಿಂಗಿನ ಖಲಂದರ್ ಸಾಹೇಬರು, ಎಡ ಮುಂಗಾಲು.
ಶಾಮಿಯಾನ ಬಾಡಿಗೆಯ ಗುತ್ಯಪ್ಪ, ಬಲ ಮುಂಗಾಲು.
ಹಲ್ಲಿನ ಡಾಕ್ಟರು ವಾರಿಜಾಕ್ಷಿ, ಹಿಂದಿನದೊಂದು.
ಉಳಿದದ್ದು ರಿಟೈರಾದ ಡ್ರಿಲ್ ಮೇಷ್ಟ್ರು ಪಿಂಟೋ ಅವರದು,
ಪೆನ್ಷನ್ನಿನಲ್ಲಿ ಕಂತು.

ಅವಿಭಜಿತ ಪಾಲು ಅನ್ನುತ್ತದೆ ಕರಾರು ಪತ್ರ.
ಕಾಲು ಹಂಚಿಕೊಂಡದ್ದು ಅವರೇ,
ಗೋಪಿ ಸರ್ಕಲ್ಲಿನ ಹೋಟೆಲಿನಲ್ಲಿ, ಚೀಟಿ ಎತ್ತಿ.

ಕುದುರೆ ಇರುವುದು ಮೈಸೂರಿನ ಲಾಯದಲ್ಲಿ.
ಹೆಸರು ಸಿಹಿಮೊಗೆ, ನಮ್ಮೂರ ಹಳೇ ಹೆಸರು ಅಂತಾರಲ್ಲ, ಅದೇ.
ಮೈಕಿನವನ ನಾಲಿಗೆಯಲ್ಲಿ ಒಮ್ಮೆ ಸಿಮೋಗಿ, ಒಮ್ಮೆ ಸಾಯಿಮೋಗಿ,
ಒಮ್ಮೆಯೂ ಮೊದಲು ಕರೆದ ಹೆಸರಲ್ಲ.

ಕಾನೂನು ಹೇಳಿದೆ:
ಕುದುರೆಯ ನಷ್ಟವನ್ನು ಟಯರಿನ ಲಾಭಕ್ಕೆ ಕಟ್ಟುವಂತಿಲ್ಲ,
ಹಲ್ಲು ಕಿತ್ತ ದುಡ್ಡಿಗೂ ಕಟ್ಟುವಂತಿಲ್ಲ,
ಕುದುರೆಯದು ಕುದುರೆಗೇ.
ನಾಲ್ಕು ವರ್ಷ ಮುಂದಕ್ಕೆ ಹೊತ್ತುಕೊಂಡು ಹೋಗಬಹುದು, ಅಷ್ಟೆ.
'ಹೊತ್ತುಕೊಂಡು ಹೋಗಬೇಕಾದ್ದು ಅವಳಲ್ಲವಾ?' ಅಂದರು ಮೇಷ್ಟ್ರು.

ಲಾಭದ ಉದ್ದೇಶ ಇತ್ತೇ?
'ಲಾಭ ಬೇಕಿದ್ದರೆ ಟಯರೇ ಇತ್ತಲ್ಲ ಸ್ವಾಮಿ,
ಅದೂ ಓಡುತ್ತದೆ. ಹುರುಳಿ ಕೇಳುವುದಿಲ್ಲ.'
ಇದನ್ನು ಆಫೀಸರ ಮುಂದೆ ಹೇಳಬೇಡಿ, ಎಂದೆ.

ಲೆಕ್ಕ ಇಟ್ಟಿದ್ದೀರಾ?
ಇಟ್ಟಿದ್ದರು. ಇನ್ನೂರು ಪುಟದ ನೋಟ್‌ಬುಕ್ಕು,
ಮೇಲೆ ಯಾರದೋ ಮಗಳ ಹೆಸರು, ಏಳನೇ ಬಿ, ಸಮಾಜ.
'ತಾಳಗುಪ್ಪ ರೈಲು, ಟಿಕೀಟು ನಾಲ್ಕು.
ಲಾಳ. ಕ್ಯಾರೆಟ್ಟು, ಊಟಿಯದು.
ಹಲ್ಲು ನೋಡಿದ್ದು, ಡಾಕ್ಟರಮ್ಮ ಬಿಲ್ಲು ಕೊಡಲಿಲ್ಲ.
ಹತ್ತರಲ್ಲಿ ಏಳನೆಯದು. ಮಸಾಲೆ ದೋಸೆ ನಾಲ್ಕು.
ಹನ್ನೊಂದರಲ್ಲಿ ಒಂಬತ್ತು. ದೋಸೆ ಇಲ್ಲ.'
ಆಗಸ್ಟಿನ ಒಂದು ದಿನ ಮೊತ್ತದ ಜಾಗದಲ್ಲಿ ಸೊನ್ನೆ,
ಪಕ್ಕದಲ್ಲಿ: 'ಸುಮ್ಮನೆ ನೋಡಿ ಬಂದೆವು. ಗುರುತು ಹಿಡಿದಳು.'

ಈ ಸೊನ್ನೆಯನ್ನು ಯಾವ ಬಾಬ್ತಿಗೆ ಹಾಕಲಿ?

ಬಲ ಮುಂಗಾಲಿನ ನರ ಉಬ್ಬಿದ ವರ್ಷ
ಮದ್ದಿನ ಬಿಲ್ಲು ನಾಲ್ಕು ಭಾಗವಾಗಬೇಕಿತ್ತು.
ಗುತ್ಯಪ್ಪ ಒಪ್ಪಲಿಲ್ಲ. ಕಾಲು ನನ್ನದು, ಬಿಲ್ಲೂ ನನ್ನದು,
ಅಂದವರೇ ಎರಡು ಶಾಮಿಯಾನ ಮಾರಿದರು.
ಕುದುರೆ ಕಂಡರೆ ಕಾಲುನೋವು ಅಂತ ಗಾದೆ.
ಕಾಣದೆಯೂ ಬರುತ್ತದೆ. ನನ್ನ ಮಹಡಿಯ ಮೆಟ್ಟಿಲಲ್ಲಿ
ಅವರ ಬಲಗಾಲು ಎಳೆಯುವುದನ್ನು ನಾನೇ ಕಂಡೆ.

ವ್ಯವಹಾರ ಎನ್ನಲು ಯೋಜನೆ ಬೇಕು,
ನಷ್ಟ ಕಂಡು ದಾರಿ ಬದಲಿಸಿದ ಸಾಕ್ಷಿ ಬೇಕು.
ಇಲ್ಲ.
ಹಾಗಾದರೆ ಶೋಕಿ ಎಂದು ಬರೆಯಲೇ?
ಡಾಕ್ಟರಮ್ಮ ಕನ್ನಡಕ ಒರೆಸುತ್ತ ಕೇಳಿದರು:
'ಶೋಕಿ ಅಂದರೆ ಭಾನುವಾರ ಮಾತ್ರ ಇರುವುದಲ್ಲವಾ?
ನನಗೆ ಇವಳು ಮಂಗಳವಾರವೂ ಇರುತ್ತಾಳೆ,
ಯಾರದೋ ದವಡೆಯೊಳಗೆ ಕೈಯಿಟ್ಟಾಗ.'

ಫೀಸಿನ ಮಾತು ಬಂತು. ಮುಖ ಮುಖ ನೋಡಿಕೊಂಡರು.
ಕಾಲು ಮುಗಿದಿವೆ, ಬಾಲ ಖಾಲಿ ಇದೆ, ಅಂದರು.
ನಕ್ಕೆ. ಬೇಡ ಎಂದೆ.
ಶನಿವಾರದ ರೈಲಿನಲ್ಲಿ ಟಿಕೀಟು ಐದು.

ಅವಳು ನನ್ನ ಜೇಬು ಮೂಸಿದಳು,
ಕ್ಯಾರೆಟ್ಟಿಲ್ಲವೆಂದು ಖಚಿತಪಡಿಸಿಕೊಂಡು
ಉಸಿರು ಬಿಟ್ಟಳು, ಬಿಸಿಯಾಗಿ,
ಇಪ್ಪತ್ತಾರು ವರ್ಷ ಹಾಳೆ ಮಾತ್ರ ತಿರುವಿದ ಕೈಯ ಮೇಲೆ.
ಆಮೇಲೆ ತಿರುಗಿ ನಿಂತು ಒಮ್ಮೆ ಬಾಲ ಬೀಸಿದಳು.
ಕೆನ್ನೆಗೆ ಬಿತ್ತು.

ಈಗ ಈ ಕಡತಕ್ಕೆ ನಾನು ಸಹಿ ಹಾಕುವಂತಿಲ್ಲ.
ಭದ್ರಾವತಿಯ ಪರಿಚಯದ ಆಡಿಟರಿಗೆ ಕಳಿಸಿದ್ದೇನೆ,
ಮೈಸೂರಿಗೆ ಮಾತ್ರ ಹೋಗಬೇಡಿ ಅಂತ ಚೀಟಿ ಅಂಟಿಸಿ.
ನನ್ನ ಸ್ವಂತ ರಿಟರ್ನಿನಲ್ಲಿ ಒಂದು ಕಾಲಮ್ಮು ಖಾಲಿ ಇದೆ,
ಕೊನೆಯ ದಿನಕ್ಕೆ ಇನ್ನೂ ಒಂಬತ್ತು ದಿನ.

ಏಳನೇ ಬಿ ಸಮಾಜದಲ್ಲಿ ಐದನೆಯ ಕೈಬರಹ:
'ಬಾಲಕ್ಕೆ ಬಾಚಣಿಗೆ, ಎಂಬತ್ತೈದು ರೂಪಾಯಿ.
ರಸೀದಿ ತೆಗೆದುಕೊಂಡಿಲ್ಲ.'