ಬಾನೆಟ್ಟಿನ ಬಿಸಿ

ಕಳವಾದಿಂದ ಮೊದಲ ಲೋಕಲ್ ಹಿಡದು ಮುಲುಂಡಿನಾಗ ಇಳದಾಗ
ಹಾಲಿನ ಟೆಂಪೋನೂ ಬಂದಿರಂಗಿಲ್ಲ.
ಎರಡು ಬಕೀಟು, ಹಳೇ ಬನಿಯನ್ನಿನ ನಾಕು ತುಂಡು,
ಇಪ್ಪತ್ತೆರಡು ಗಾಡಿ. ಗಾಡಿಗೆ ತಿಂಗಳಿಗೆ ನಾನೂರೈವತ್ತು.
ನೀರು ಸುರುವೋದಕ್ಕಿಂತ ಮೊದಲು
ಬಾನೆಟ್ಟಿನ ಮ್ಯಾಲ ಅಂಗೈ ಇಡೋದು ನನಗ ರೂಢಿ.
ಎಲ್ಲಾ ಹೆಣದಂಗ ತಣ್ಣಗ.
ಒಂದೇ ಒಂದು, ತಾಂಡೇಲ್ ಬಾಯಿಯ ಹಳೇ ಆಲ್ಟೋ,
ಆಗಷ್ಟೇ ಒಲಿ ಮ್ಯಾಲಿಂದ ಇಳಿಸಿದ ಹಂಚಿನಂಗ.
ಅದರ ಮ್ಯಾಲ ಬೆಕ್ಕು.

ಏರ್‌ಪೋರ್ಟಿನಾಗ ಪೆಟ್ಟಿಗಿಗೆ ಚೀಟಿ ಅಂಟಸ್ತಾಳ ಆಕಿ.
ಪಾಳಿ ಮುಗಿಯೋದು ಮೂರಕ್ಕ.
ಮನಿಗೆ ಬಿಡತಿದ್ದ ಕಂಪನಿ ವ್ಯಾನು
ಹೋದ ವರ್ಷ ಬಂದ್ ಆತು.

ಐತವಾರ ಮೀಟಿಂಗು. ಖುರ್ಚಿ ಹಾಕಾಕ ನನ್ನೂ ಕರದಿದ್ರು.
ಕರ್ಣಿಕ್ ಸರ್ ಎದ್ದು ನಿಂತು,
ಕಾರು ಕಡಿಮಿ ಆಗಬೇಕಂದ್ರ ಕಾರು ಇಟಗೊಳ್ಳೋದು ತುಟ್ಟಿ ಆಗಬೇಕು,
ಪರದೇಶದಾಗ ಸಾಹೇಬ್ರೂ ಸೈಕಲ್ ತುಳೀತಾರ,
ಇಲ್ಲಿ ಅಂಬುಲೆನ್ಸು ಒಳಗ ಬರಾಕ ಜಾಗಿಲ್ಲ, ಅಂದ್ರು.
ಖರೇ ಮಾತು. ಶ್ರಾವಣದಾಗ ನಾಕನೇ ಮಜಲಿನ ಅಜ್ಜನ್ನ
ಗೇಟಿನ ತನಕ ಹೊತ್ತವರೊಳಗ ನಾನೂ ಒಬ್ಬ.
ದುಡದು ತಗೊಂಡೀನಿ, ಕದ್ದಿಲ್ಲ, ಅಂದ ಠಕ್ಕರ್.
ಅದೂ ಖರೇ.
ಅವನ ಡ್ರೈವರ್ ಜಯಸ್ವಾಲ್ ಬಾಗಲದ ಹೊರಗ ನಿಂತು
ಚಪ್ಪಲಿ ಲೆಕ್ಕ ಮಾಡೋನಂಗ ನೆಲಾ ನೋಡತಿದ್ದ.
ಬಸ್ಸಿನಾಗ ಹೋಗ್ರಿ, ಅಂತ ಒಬ್ರು.
ಬಸ್ಸು ಎಲ್ಲದ, ಅಂತ ಇನ್ನೊಬ್ರು.
ಅದ. ನನ್ನ ಹೆಂಡ್ತಿ ದಿನಾ ಒಂದು ತಾಸು ಅದರಾಗ ನಿಂತಿರ್ತಾಳ
ಇವರ ಗಾಡಿಗಳ ಹಿಂದ,
ನಾ ತೊಳದು ಕಳಿಸಿದ ಗಾಡಿಗಳ ಹಿಂದ.

ಠರಾವು ಹಿಂಗಿತ್ತು: ಗಾಡಿಗೆ ತಿಂಗಳಿಗೆ ಎರಡೂವರೆ ಸಾವಿರ.
ಸುಮ್ಮನ ನಿಂತಿರೋ ಗಾಡಿಗೆ ಐದು, ಅಂತ ಯಾರೋ ಸೇರಿಸಿದ್ರು.
ರಾತ್ರಿ ದುಡಿಯೋರಿಗೆ ಮಾಫಿ ಕೊಡ್ರಿ, ಅಂದಳು ತಾಂಡೇಲ್ ಬಾಯಿ,
ನಿದ್ದಿಗಣ್ಣಾಗ.
ಯಾವುದು ಓಡ್ತದ, ಯಾವುದು ನಿಂತದ, ಪ್ರೂಫ್ ಏನು?
ಸೆಕ್ರೆಟರಿ ಪೆನ್ನು ಎತ್ತಿದ.
ಆಮ್ಯಾಲ ಎಲ್ಲಾರೂ ನನ್ನ ಕಡೆ ಹೊಳ್ಳಿದ್ರು.
ನನ್ನ ಕೈಯಾಗ ಚಹಾದ ಟ್ರೇ.
ಅಣ್ಣಾ, ನಿನಗ ಗೊತ್ತಿರಬೇಕಲ್ಲ?

ನನ್ನ ಹೆಸರು ಮರೆಪ್ಪ.
ಇಲ್ಲಿ ದಕ್ಷಿಣದವರೆಲ್ಲಾ ಅಣ್ಣಾನೇ.

ಗೊತ್ತಿತ್ತು.
ಕರ್ಣಿಕ್ ಸರ್‌ದೇ ಒಂದು, ಹೋಳಿಯಿಂದ ಹೊದಿಕಿ ಬಿಟ್ಟು ಎದ್ದಿಲ್ಲ,
ಗಾಲಿಯೊಳಗ ಜೇಡ ಮನಿ ಕಟ್ಯಾದ.
ಠಕ್ಕರಂದು ಎರಡು. ಎಲ್ಲಾ ಕೂಡಿ ಒಂಬತ್ತು.
ಐದು ಸಾವಿರ ಅಂದ್ರ ಮಾರಿಬಿಡ್ತಾರ.
ಒಂಬತ್ತು ನಾನೂರೈವತ್ತಲೆ ನಾಕು ಸಾವಿರದ ಐವತ್ತು.
ಖೋಲಿ ಭಾಡಿಗಿ ನಾಕೂವರೆ.
ಧೂಳು ಒರಸಿದ್ರ ಸಾಕು ಅನ್ನೋ ಗಾಡಿ ಅವು,
ಬೆನ್ನು ನೋಯದ ಅನ್ನ.

ಲೋಟ ಲೋಟಕ್ಕ ಬಡದು ಸಪ್ಪಳ ಆತು.
ಎಲ್ಲಾ ಓಡ್ತಾವ್ರಿ ಸಾಹೇಬ್ರ, ಅಂದೆ.
ಕರ್ಣಿಕ್ ಸರ್ ಚಹಾ ತಗೊಂಡ್ರು, ನನ್ನ ಮಾರಿ ನೋಡಲಿಲ್ಲ.
ಎಲ್ಲಾರಿಗೂ ಸಮ ಎರಡೂವರೆ, ಮಾಫಿ ಯಾರಿಗೂ ಇಲ್ಲ,
ಅಂತ ಬರಕೊಂಡ್ರು.
ತಾಂಡೇಲ್ ಬಾಯಿ ನೋಡಿದಳು.
ಬೈಲಿಲ್ಲ. ಚಹಾನೂ ತಗೊಳ್ಳಲಿಲ್ಲ.

ಮರುದಿನ ಒಂದನೇ ತಾರೀಖು.
ಆಲ್ಟೋದ ವೈಪರಿನ ಕೆಳಗ ಮಡಚಿ ಇಟ್ಟ ನಾನೂರೈವತ್ತು,
ಯಾವಾಗಿನಂಗ,
ಐವತ್ತರ ನೋಟು ಒಳಗ, ನೂರರವು ಹೊರಗ.
ನನ್ನ ನೋಡಿ ಬೆಕ್ಕು ಇಳದು ಹೋತು.
ಅಂಗೈ ಇಟ್ಟೆ.
ಬಿಸಿ ಇತ್ತು.
ತಗದುಬಿಟ್ಟೆ,
ಬಕೀಟು ತುಂಬಾಕ ಹೋದೆ.